ಎಡಗೈಯಲ್ಲಿ ಸಿಗದ ನಾಡಿ

ಪುಟ್ಟಿ, ಗುಂಡ, ಚಿನ್ನು, ಇದನ್ನು ನಿಮ್ಮ ಮೂವರಿಗಾಗಿಯೇ ಬರೆಯುತ್ತಿದ್ದೇನೆ. ಬಾಯಲ್ಲಿ ಹೇಳಬಹುದಿತ್ತು. ಆದರೆ ನಾಲ್ಕು ಜನ ಕೂತು ಕೇಳುತ್ತಿದ್ದಾರೆ ಅಂದರೆ ನನಗೆ ಮಾತು ಅರ್ಧಕ್ಕೇ ನಿಂತುಹೋಗುತ್ತದೆ. ಊರ ಶಾಲೆಯಲ್ಲಿ ಕಲಿತ ಅಕ್ಷರ ಇನ್ನೂ ಕೈಬಿಟ್ಟಿಲ್ಲ. ತಪ್ಪು ಕಂಡರೆ ತಿದ್ದಿಕೊಂಡು ಓದಿ.

ಇದು ನನ್ನ ಎಡಗೈಯೊಳಗೆ ರಕ್ತ ಹರಿಯುವ ದಾರಿಯ ವಿಷಯ. ಎಲ್ಲರಿಗೂ ಇರುವ ಜಾಗದಲ್ಲಿ ನನಗೆ ಆ ದಾರಿ ಇಲ್ಲ. ಅಷ್ಟಕ್ಕೇ ಒಂದು ಕಾಲದಲ್ಲಿ ನನ್ನನ್ನು ಸತ್ತವರ ಜೊತೆ ಸೇರಿಸಿ, ಮನೆಯಿಂದಲೇ ಕಳಿಸಿಬಿಡುವ ಮಾತಾಗಿತ್ತು.

ನನ್ನ ತವರು ಮಳವಳ್ಳಿ ತಾಲ್ಲೂಕಿನ ಪೂರಿಗಾಲಿ. ಮದುವೆಯಾಗಿ ಬಂದದ್ದು ದುದ್ದಕ್ಕೂ ಮಂಡ್ಯಕ್ಕೂ ನಡುವಿನ ಒಂದು ಊರಿಗೆ. ತವರಿನಲ್ಲಿ ಆಗ ರಾಗಿ ಹೊಲಗಳೇ ಹೆಚ್ಚು. ಇಲ್ಲಿ ನಾಲೆ ನೀರು ಬಂದು ಕೆಲವು ವರ್ಷಗಳಾಗಿದ್ದವು. ಕಬ್ಬು, ಭತ್ತ, ಗದ್ದೆ ಗದ್ದೆಗೂ ಕಾಲುವೆ. ನೀರಿನ ಹಿಂದೆ ಸೊಳ್ಳೆ ಬಂತು, ಸೊಳ್ಳೆಯ ಹಿಂದೆ ಚಳಿಜ್ವರ ಬಂತು. ಅದಕ್ಕೆ ಕೊಡುವ ಕ್ವಿನೈನು ಯುದ್ಧದ ದೆಸೆಯಿಂದ ಸುಲಭಕ್ಕೆ ಸಿಗುತ್ತಿರಲಿಲ್ಲ. ಹಾಗಾಗಿ ಮೈ ಬಿಸಿಯಾದರೆ ಮೊದಲು ಕರೆಸುತ್ತಿದ್ದದ್ದು ನಾಡಿ ನೋಡುವ ಪಂಡಿತರನ್ನು.

ಪಂಡಿತರು ವಯಸ್ಸಾದವರು, ನಿಧಾನಸ್ಥರು. ಗಂಡಸರಾದರೆ ಬಲಗೈ ಹಿಡಿಯುತ್ತಿದ್ದರು, ಹೆಂಗಸರಾದರೆ ಎಡಗೈ. ಅವರೊಬ್ಬರ ಪದ್ಧತಿಯಲ್ಲ ಅದು, ಎಲ್ಲ ಕಡೆಯೂ ಹಾಗೆಯೇ. ಹೆಂಗಸಿನ ಬಲಗೈ ಹಿಡಿದು ನಾಡಿ ನೋಡಿದವರನ್ನು ನಾನು ಕಂಡೇ ಇರಲಿಲ್ಲ. ಹೆಬ್ಬೆರಳ ಬುಡದ ಕೆಳಗೆ, ಮಣಿಕಟ್ಟಿನಲ್ಲಿ, ಮೂರು ಬೆರಳಿಟ್ಟು ಅವರು ಕಣ್ಣು ಮುಚ್ಚಿದರೆ ಮನೆಯವರೆಲ್ಲ ಮಾತು ನಿಲ್ಲಿಸಿ ಅವರ ಮುಖವನ್ನೇ ನೋಡುತ್ತಿದ್ದರು.

ಮದುವೆಯಾದ ಮರುವರ್ಷ ನನಗೂ ಆ ಜ್ವರ ಬಂತು. ಮೊದಲು ಚಳಿ, ಆಮೇಲೆ ಸುಡುವ ಕಾವು, ಆಮೇಲೆ ಪ್ರಜ್ಞೆ ಇಲ್ಲ. ಮುಂದಿನದನ್ನು ಅತ್ತೆಯೂ ನಿಮ್ಮ ತಾತನೂ ನನಗೆ ಹೇಳಿದರು. ಪಂಡಿತರು ಎಡಗೈ ಹಿಡಿದರಂತೆ. ಬೆರಳು ಒತ್ತಿದರು, ಸಡಿಲ ಬಿಟ್ಟರು, ಮತ್ತೆ ಒತ್ತಿದರು.

"ಸಿಕ್ತಿಲ್ಲ ಕಣಮ್ಮ," ಅಂದರು.

"ಏನ್ ಸಿಕ್ತಿಲ್ಲ?" ಅತ್ತೆ ಕೇಳಿದರು.

"ನಾಡಿ. ನಿಂತೋಗ್ಬುಟ್ಟದೆ. ತವರ್ನೋರ್ಗೆ ಏಳ್ಕಳ್ಸಿ."

ಜೀವ ಹೋಗುವಾಗ ಮಂಚದ ಮೇಲೆ ಇರಬಾರದು ಅನ್ನುವುದು ನಮ್ಮ ಕಡೆಯ ನಂಬಿಕೆ. ನನ್ನನ್ನು ಎತ್ತಿ ನೆಲಕ್ಕೆ ಇಳಿಸಿದರು. ತಲೆಯನ್ನು ತೆಂಕಲಿಗೆ ತಿರುಗಿಸಿದರು. ತುಟಿಗೆ ತುಳಸಿ ನೀರು ಬಿಟ್ಟರು. ಕೇರಿಯ ಹೆಂಗಸರು ಬಂದು ಸುತ್ತ ಕೂತು ಅಳಲು ಶುರುಮಾಡಿದರು. ಆ ಜ್ವರದ ಗುಣವೇ ಹಾಗೆ, ಕಾವು ಏರಿದ ಮೇಲೆ ಬೆವರು ಕಿತ್ತುಕೊಂಡು ಬಂದು ಇಳಿದುಬಿಡುತ್ತದೆ. ನನಗೂ ಬೆವರು ಬಂತು, ಕಣ್ಣು ಬಿಟ್ಟೆ. ಇಷ್ಟು ಜನ ಯಾಕೆ ನನ್ನನ್ನೇ ನೋಡುತ್ತಿದ್ದಾರೆ ಎಂದು ನಾಚಿಕೆಯಾಗಿ ಸೆರಗು ಎಳೆದುಕೊಂಡೆ. ಎಲ್ಲರಿಗಿಂತ ಜೋರಾಗಿ ಅಳುತ್ತಿದ್ದ ಒಬ್ಬ ಮುದುಕಿ ರಾಗ ನಿಲ್ಲಿಸಿ, ಎದ್ದು, ಬೀದಿಗೆ ಓಡಿದಳಂತೆ.

ನೆಲಕ್ಕೆ ಇಳಿಸುವ ಶಾಸ್ತ್ರ ಊರಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಇಳಿಸಿದವರನ್ನು ಮತ್ತೆ ಮಂಚ ಹತ್ತಿಸುವ ಶಾಸ್ತ್ರ ಯಾರಿಗೂ ಗೊತ್ತಿರಲಿಲ್ಲ. ಅಂದು ಮಲಗಿದ್ದಲ್ಲೇ ಬಿಟ್ಟರು.

ಮಾರನೆಯ ದಿನ ಪಂಡಿತರು ಮತ್ತೆ ಬಂದರು. ನಾನು ಗೋಡೆಗೆ ಒರಗಿ ಗಂಜಿ ಕುಡಿಯುತ್ತಿದ್ದೆ. ಅವರಿಗೂ ಗಾಬರಿಯಾಗಿರಬೇಕು, ಕೂತವರು ತುಂಬ ಹೊತ್ತು ಎಡಗೈ ಹಿಡಿದೇ ಇದ್ದರು. ಆಮೇಲೆ ಕೈಯನ್ನು ಮೆಲ್ಲಗೆ ನನ್ನ ಮಡಿಲಲ್ಲಿ ಇಟ್ಟು ಎದ್ದರು.

"ಉಸಿರಾಡ್ತಾವ್ಳೆ, ಉಣ್ತಾವ್ಳೆ. ನಾಡಿ ಮಾತ್ರ ಇಲ್ಲ. ಇಂಥದ್ದ ನಾನ್ ಕಂಡಿಲ್ಲ ಕಣಮ್ಮ."

ಆ ಮಾತು ಅವರಿಗಿಂತ ಮುಂಚೆ ಊರು ಮುಟ್ಟಿತು. ನಾನು ಎದ್ದು ಓಡಾಡುವ ಹೊತ್ತಿಗೆ ಎಲ್ಲರ ಬಾಯಲ್ಲೂ ನಾಡಿ ಇಲ್ಲದ ಸೊಸೆ ಆಗಿದ್ದೆ. ಬಾವಿಯ ಹತ್ತಿರ ಹೋದರೆ ಹೆಂಗಸರು ಹಗ್ಗ ಬಿಟ್ಟು ಹಿಂದಕ್ಕೆ ಸರಿಯುತ್ತಿದ್ದರು. ಅವರಲ್ಲಿ ಒಬ್ಬಳು ನನಗಿಂತ ಸ್ವಲ್ಪ ದೊಡ್ಡವಳು, ಬಾಯಿ ಜೋರು.

"ಏನಮ್ಮಿ, ನೆರಳ್ ಬೀಳ್ತದಾ ನಿಂಗೆ? ಬಿಸ್ಲಲ್ ನಿಂತ್ಕೊ, ನೋಡವಾ."

"ಸುಮ್ಕಿರ್ಲೇ, ಅವ್ಳ್ ಕೊಡ ತುಂಬುಸ್ಕಂಡ್ ಓಗ್ಲಿ," ಅಂದಳು ಇನ್ನೊಬ್ಬಳು. ಅವಳೂ ದೂರ ನಿಂತೇ ಅಂದದ್ದು.

ನಾನು ಬಿಸಿಲಲ್ಲಿ ನಿಲ್ಲಲಿಲ್ಲ. ಆದರೆ ಮನೆಗೆ ಬರುವ ದಾರಿಯಲ್ಲಿ ತಲೆ ಬಗ್ಗಿಸಿ ನೆರಳು ನೋಡಿಕೊಂಡೇ ಬಂದೆ.

ಮನೆಯಲ್ಲಿ ಬಿತ್ತನೆಯ ಭತ್ತ ಮುಟ್ಟಬೇಡ ಅಂದರು. ಎಳೆಗರು ಇದ್ದ ಹಸುವಿನ ಹತ್ತಿರ ಹೋಗಬೇಡ ಅಂದರು. ಬಡಿಸುವ ಸೌಟು ನನ್ನ ಕೈಯಿಂದ ಅತ್ತೆಯ ಕೈಗೆ ಹೋಯಿತು. ಅತ್ತೆ ಕೆಟ್ಟವರಲ್ಲ, ಭಯಪಟ್ಟಿದ್ದರು. ನನ್ನನ್ನು ಬೈಯುವುದನ್ನೂ ಅವರು ಬಿಟ್ಟುಬಿಟ್ಟಿದ್ದರು. ಅದಕ್ಕಿಂತ ಹೆಚ್ಚು ನನ್ನನ್ನು ಹೆದರಿಸಿದ್ದು ಬೇರೊಂದಿಲ್ಲ.

ಒಂದು ದಿನ ನಾನು ಕೊಟ್ಟಿಗೆಯ ಕಡೆ ಇದ್ದಾಗ ಅವರು ನಿಮ್ಮ ತಾತನಿಗೆ ಹೇಳುವುದು ಕೇಳಿಸಿತು.

"ಲೋ ಮಗ, ಕರ್ಕಂಡೋಗಿ ಅವ್ರಪ್ಪನ್ ಮನೇಲ್ ಬುಟ್ಬುಟ್ ಬಾ. ಒಂದಷ್ಟ್ ದಿನ ಅಲ್ಲೇ ಇರ್ಲಿ."

"ಎಷ್ಟ್ ದಿನ ಅವ್ವ?"

ಹಾಗೆ ಹೋದವರು ತಿರುಗಿ ಬರುವುದಿಲ್ಲ ಅನ್ನುವುದು ಅತ್ತೆಗೂ ಗೊತ್ತು, ನನಗೂ ಗೊತ್ತು. ಗಂಡನ ಮನೆ ಬಿಟ್ಟು ಬಂದವಳು ಎಂದರೆ ಆ ಕಾಲದಲ್ಲಿ ತವರಿನಲ್ಲೂ ಒಲೆಯ ಮೂಲೆಯೇ ಗತಿ.

ಹೊರಡುವ ಮೊದಲೇ ಜ್ವರ ಮರುಕಳಿಸಿತು. ಈ ಸಲ ಕಣ್ಣು ಹಳದಿಯಾಗಿ, ಕುಡಿದ ನೀರೂ ನಿಲ್ಲದ ಹಾಗಾಯಿತು. ನಿಮ್ಮ ತಾತ ಗಾಡಿಗೆ ಹುಲ್ಲು ಹಾಸಿ ಎತ್ತು ಕಟ್ಟಿದರು.

"ಎಲ್ಲಿಗ್ಲಾ?" ಅತ್ತೆ ಕೇಳಿದರು.

"ಮಂಡ್ಯದ್ ಆಸ್ಪತ್ರೆಗೆ. ತವರ್ಗೇ ಕಳ್ಸಾದಾದ್ರೂ ಜೀವ ಇರೋಳ್ನ ಕಳ್ಸಾವ."

ಅತ್ತೆ ಸೀರೆ ಸೊಂಟಕ್ಕೆ ಸಿಕ್ಕಿಸಿ ಗಾಡಿ ಹತ್ತಿದರು. ಮಂಡ್ಯ ಮುಟ್ಟುವವರೆಗೂ ನನ್ನ ತಲೆ ಅವರ ತೊಡೆಯ ಮೇಲೆ ಇತ್ತು.

ಆಸ್ಪತ್ರೆಯಲ್ಲಿ ಹೆಂಗಸರನ್ನು ನೋಡುತ್ತಿದ್ದದ್ದು ಒಬ್ಬ ಡಾಕ್ಟರಮ್ಮ. ಮೈಸೂರಿನ ಕಡೆಯ ಮಾತು, ಬಿಳಿ ಸೀರೆ, ಬಳೆ ಇಲ್ಲದ ಕೈ. ನನ್ನ ಪಕ್ಕ ಕೂತು "ಕೈ ಕೊಡು ಮಗು" ಅಂದರು. ನಾನು ರೂಢಿಯಂತೆ ಎಡಗೈ ಕೊಟ್ಟೆ.

"ಅದ್ರಲ್ಲಿಲ್ಲ ಕಣವ್ವ," ಅತ್ತೆ ಮುಂದೆ ಬಂದು ಹೇಳಿದರು. "ನಾಡಿ ಇಲ್ದಿರೋ ಹುಡ್ಗಿ ಇದು. ಮೊದ್ಲೇ ಏಳ್ಬುಡ್ತೀನಿ."

ಡಾಕ್ಟರಮ್ಮ ಬೆರಳಿಟ್ಟು ನೋಡಿದರು. ಹುಬ್ಬು ಗಂಟಿಕ್ಕಿತು. ಆಮೇಲೆ ನನ್ನ ಬಲಗೈಗೆ ಕೈ ಚಾಚಿದರು.

"ಹೆಂಗುಸ್ರಿಗೆ ಎಡಗೈ ಅಲ್ವಾ ನೋಡಾದು?"

"ಎದೆ ಇರೋದು ಒಂದೇ ಅಲ್ಲವೇನಮ್ಮ? ಎರಡು ಕೈಗೂ ಅದೇ ತಾನೆ ರಕ್ತ ಕಳಿಸಬೇಕು? ಇಲ್ಲಿ ಬನ್ನಿ, ನೀವೇ ನೋಡಿ."

ಅತ್ತೆಯ ಬೆರಳನ್ನು ಹಿಡಿದು ನನ್ನ ಬಲ ಮಣಿಕಟ್ಟಿನ ಮೇಲೆ ಇಟ್ಟರು. ಅತ್ತೆಯ ಒರಟು ಬೆರಳು ಅಲ್ಲೇ ನಿಂತಿತು. ತೆಗೆಯಿರಿ ಎಂದು ಡಾಕ್ಟರಮ್ಮ ಎರಡು ಸಲ ಹೇಳಬೇಕಾಯಿತು.

"ಬಡ್ಕತದೆ," ಅಂದರು ಅತ್ತೆ, ತಮಗೆ ತಾವೇ. ಆಮೇಲೆ ಅನುಮಾನ ಬಂತು. "ಮತ್ತೆ ಆ ಕೈಲ್ ಯಾಕಿಲ್ಲ?"

"ನೋಡೋಣ. ಮೊದಲು ಮದ್ದು ಒಳಗೆ ಹೋಗಲಿ."

ಬಾಯಿಂದ ಕೊಟ್ಟದ್ದು ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಅದಕ್ಕೆ ಕ್ವಿನೈನನ್ನು ನೇರವಾಗಿ ರಕ್ತಕ್ಕೇ ಬಿಡಬೇಕು ಅಂದರು. ಬಲಗೈಗೆ ರಬ್ಬರು ಕಟ್ಟಿ ಮೊಣಕೈ ಮಡಿಕೆಯಲ್ಲಿ ಹುಡುಕಿದರು. ನೀರಿಲ್ಲದೆ ಒಣಗಿದ ಮೈ, ಅಲ್ಲಿ ಒಂದು ನರವೂ ಎದ್ದು ಕಾಣಲಿಲ್ಲ. ರಬ್ಬರು ಬಿಚ್ಚಿ ಎಡಗೈಗೆ ಕಟ್ಟಿದರು. ಮಡಿಕೆಯಲ್ಲಿ ಒಂದು ಗೆರೆ ಚೆನ್ನಾಗಿ ಉಬ್ಬಿತು. ನರ್ಸಮ್ಮ "ಸಿಕ್ಕಿತು" ಅಂದರು. ಡಾಕ್ಟರಮ್ಮ ಸೂಜಿ ಎತ್ತಿಕೊಂಡರು.

ಚುಚ್ಚುವ ಮೊದಲು ಬೆರಳಿನಿಂದ ಒಂದು ಸಲ ಒತ್ತಿ ನೋಡುವುದು ಅವರ ಅಭ್ಯಾಸ. ಒತ್ತಿದರು. ಒತ್ತಿದವರು ಹಾಗೇ ಉಳಿದರು. ಸೂಜಿಯನ್ನು ತಟ್ಟೆಯಲ್ಲಿ ಇಟ್ಟರು, ರಬ್ಬರು ಬಿಚ್ಚಿದರು, ಮತ್ತೆ ಒತ್ತಿದರು.

"ಇದು ಹಾರುತ್ತಿದೆ," ಅಂದರು.

ಅವರ ಬೆರಳು ಅಲ್ಲಿಂದ ಹೊರಟಿತು. ಮೊಣಕೈಯಿಂದ ಮೇಲಕ್ಕೆ ತೋಳಿನ ಅರ್ಧದವರೆಗೆ ಹೋಗಿ, ತಿರುಗಿ ಕೆಳಗೆ ಬಂದು, ಚರ್ಮದ ಅಡಿಯಲ್ಲೇ ಮುಂಗೈಯ ಹೊರಬದಿ ಹಿಡಿದು ನಡೆಯಿತು. ಮಣಿಕಟ್ಟಿಗೆ ಬರುವಷ್ಟರಲ್ಲಿ ಎಲ್ಲರೂ ನಾಡಿ ಹುಡುಕುವ ಜಾಗವನ್ನು ಬಿಟ್ಟು, ಪಕ್ಕಕ್ಕೆ ಸರಿದು, ಹೆಬ್ಬೆರಳ ಹಿಂಬದಿಗೆ ಸುತ್ತಿಕೊಂಡಿತು. ಅಲ್ಲಿ ನಿಲ್ಲಿಸಿದರು.

"ಇಲ್ಲಿದೆ ನಿನ್ನ ನಾಡಿ," ಅಂದರು. ಅವರ ದನಿ ತಗ್ಗಿತ್ತು. ನರ್ಸಮ್ಮನನ್ನು ಕರೆದು "ಬೆರಳಿಡಿ, ಇಂಥದ್ದು ಮತ್ತೆ ಸಿಕ್ಕುವುದು ಅಪರೂಪ" ಅಂದರು.

ಮೊಣಕೈಯ ಆ ಮಿಡಿತ ನನಗೆ ಚಿಕ್ಕಂದಿನಿಂದ ಗೊತ್ತಿತ್ತು. ರಾಗಿ ಬೀಸಿ ಕೂತಾಗ ಚರ್ಮ ಕುಣಿಯುವುದು ಕಾಣುತ್ತಿತ್ತು. ಎಲ್ಲರಿಗೂ ಹಾಗೆಯೇ ಅಂದುಕೊಂಡಿದ್ದೆ. ನಮ್ಮ ಮೈಯೊಂದೇ ನಮಗೆ ಗೊತ್ತಿರುವುದು, ಉಳಿದವರದೂ ಹಾಗೇ ಅಂದುಕೊಂಡುಬಿಡುತ್ತೇವೆ.

ಮದ್ದನ್ನು ಕೊನೆಗೆ ಬಲಗೈಯ ಹಿಂಭಾಗದಲ್ಲಿ ಒಂದು ಸಣ್ಣ ನರ ಹುಡುಕಿ ನಿಧಾನವಾಗಿ ಬಿಟ್ಟರು. ಅದು ಮುಗಿದ ಮೇಲೆ ಅತ್ತೆಗೆ ತಿಳಿಸಿ ಹೇಳಿದರು.

"ಎದೆಯಿಂದ ಹೊರಡುವ ರಕ್ತದ ದಾರಿ ಬೇರೆ, ಎದೆಗೆ ಮರಳುವ ದಾರಿ ಬೇರೆ. ಮರಳುವ ದಾರಿ ಚರ್ಮದ ಹತ್ತಿರ ಇರುತ್ತದೆ, ನಾವು ಚುಚ್ಚುವುದು ಅದಕ್ಕೆ. ಹೊರಡುವ ದಾರಿ ಆಳದಲ್ಲಿ ಇರುತ್ತದೆ. ಇವಳಿಗೆ ಈ ಕೈಯಲ್ಲಿ ಹೊರಡುವ ದಾರಿಯ ಒಂದು ಕವಲು ತೋಳಿನಲ್ಲೇ ಒಡೆದು ಮೇಲೆ ಬಂದುಬಿಟ್ಟಿದೆ. ನಾನು ಅದಕ್ಕೆ ಚುಚ್ಚಿದ್ದರೆ ಮದ್ದೆಲ್ಲ ನೇರ ಬೆರಳಿಗೆ ಇಳಿಯುತ್ತಿತ್ತು. ಬೆರಳು ಕಪ್ಪಾಗಿ ಸತ್ತುಹೋಗಬಹುದಿತ್ತು. ಕೈಯೇ ಹೋಗಬಹುದಿತ್ತು."

"ಅಂಗಾದ್ರೆ ಇದು ಕಾಯ್ಲೆಯಾ?"

"ಕಾಯಿಲೆ ಅಲ್ಲ. ನಿಮ್ಮೂರಲ್ಲಿ ನಾಲೆ ನೀರು ಎಲ್ಲ ಗದ್ದೆಗೂ ಒಂದೇ ಕಡೆಯಿಂದ ಬರುತ್ತದಾ?"

"ಎಲ್ಲ್ ಬತ್ತದೆ? ನಮ್ ಗದ್ದೆಗೆ ಪಕ್ಕದೋರ್ ಬದು ಸುತ್ಕಂಡ್ ಬತ್ತದೆ. ಅದುಕ್ಕೇ ವರ್ಸ ವರ್ಸ ಜಗ್ಳ."

"ಬೆಳೆ ಏನಾದರೂ ಕಮ್ಮಿಯಾ?"

"ಅದ್ಯಾಕ್ ಕಮ್ಮಿ ಆಯ್ತದೆ? ಊರ್ಗೇ ಮುಂದು ನಮ್ದು."

"ಇದೂ ಹಾಗೆಯೇ."

ಅತ್ತೆ ಬಗ್ಗಿ ನನ್ನ ತೋಳು ನೋಡಿ ಕೇಳಿದರು: "ಇದೆಲ್ಲ ಒಳ್ಗಡೆ ಇರಾದು ನಿಮ್ಗೆಂಗವ್ವ ಗೊತ್ತಾಯ್ತದೆ?"

ಡಾಕ್ಟರಮ್ಮ ಹೇಳಿದರು: ಕಲಿಯುವಾಗ ತೀರಿಕೊಂಡವರ ದೇಹ ಬಿಡಿಸಿ ನೋಡಬೇಕಾಗುತ್ತದೆ. ಪುಸ್ತಕದಲ್ಲಿ ಒಂದೇ ಚಿತ್ರ ಇರುತ್ತದೆ. ಆದರೆ ಒಂದೊಂದು ದೇಹದಲ್ಲೂ ದಾರಿ ಒಂದೊಂದು ಥರ. ಒಬ್ಬರಿಗೆ ಮೂತ್ರಪಿಂಡಕ್ಕೆ ಒಂದು ನಾಳ, ಇನ್ನೊಬ್ಬರಿಗೆ ಎರಡು. ಒಬ್ಬರಿಗೆ ಕತ್ತಿನಲ್ಲಿ ಹೀಗೆ ಕವಲು, ಇನ್ನೊಬ್ಬರಿಗೆ ಹಾಗೆ. ಪುಸ್ತಕದ ಚಿತ್ರವನ್ನೇ ನಂಬಿ ಕತ್ತರಿಸಲು ಹೋದರೆ ಅಪಾಯ. ಅದಕ್ಕೇ ಅವರ ಗುರುಗಳು ಕಣ್ಣಿಗಿಂತ ಮುಂಚೆ ಬೆರಳನ್ನು ಕಳಿಸು ಅನ್ನುತ್ತಿದ್ದರಂತೆ. "ನಿಮ್ಮ ಸೊಸೆಯಂಥ ಕೈಯನ್ನು ಒಂದು ಸಲ ಆ ಮೇಜಿನ ಮೇಲೆ ನೋಡಿದ್ದೆ. ಬದುಕಿರುವವರಲ್ಲಿ ಇದೇ ಮೊದಲು," ಅಂದರು.

ಅತ್ತೆ ಬಾಯಿಗೆ ಸೆರಗು ಹಿಡಿದುಕೊಂಡರು. ಆಮೇಲೆ ನಾನು ಜನ್ಮದಲ್ಲಿ ಮರೆಯದ ಕೆಲಸ ಮಾಡಿದರು. ನನ್ನ ಎಡಗೈಯನ್ನು ತಮ್ಮ ಎರಡೂ ಕೈಯಲ್ಲಿ ತೆಗೆದುಕೊಂಡು, ಹೆಬ್ಬೆರಳ ಹಿಂದೆ ಬೆರಳಿಟ್ಟು, ದೇವರ ಮುಂದೆ ಕೂತ ಹಾಗೆ ಕಣ್ಣು ಮುಚ್ಚಿ ಕೂತರು. ಆ ಮಿಡಿತ ಅವರ ಬೆರಳಿಗೆ ಸಿಕ್ಕಿದ್ದು ಅವರ ಮುಖದಲ್ಲೇ ನನಗೆ ಗೊತ್ತಾಯಿತು.

"ಇಲ್ಲೇ ಅವ್ಳೆ ಕಣವ್ವ ಇವ್ಳು," ಅಂದರು.

ಬೀಳ್ಕೊಡುವ ದಿನ ಡಾಕ್ಟರಮ್ಮ ಹುಣ್ಣಿಗೆ ಹಚ್ಚುವ ನೇರಳೆ ಬಣ್ಣದ ಮದ್ದಿನಲ್ಲಿ ಕಡ್ಡಿ ಅದ್ದಿ, ತೋಳಿನಿಂದ ಹೆಬ್ಬೆರಳವರೆಗೆ ಆ ದಾರಿಯ ಮೇಲೆ ಗೆರೆ ಎಳೆದರು. ಮನೆಯವರೆಲ್ಲ ನೋಡಿ ತಿಳಿದುಕೊಳ್ಳಲಿ, ಮುಂದೆ ಯಾರೇ ಸೂಜಿ ಹಿಡಿದು ಬಂದರೂ ಈ ಕೈ ಬೇಡ ಅನ್ನಿ, ಅಂದರು.

ಗಾಡಿ ಊರು ಮುಟ್ಟಿದಾಗ ಅತ್ತೆ ನನ್ನನ್ನು ಬಾವಿಯ ಬೀದಿಯಲ್ಲೇ ಇಳಿಸಿದರು. ಹೆಂಗಸರ ನಡುವೆ ಕರೆದುಕೊಂಡು ಹೋಗಿ ನನ್ನ ತೋಳು ಎತ್ತಿ ಹಿಡಿದರು.

"ಬನ್ರೇ, ಮುಟ್ ನೋಡ್ಬನ್ನಿ. ನೆರಳ್ ಕೇಳ್ದೋಳ್ ಎಲ್ಲವ್ಳೆ? ಮೊದ್ಲ್ ನೀನ್ ಬಾರಮ್ಮಿ."

ಆ ಬಾಯಿ ಜೋರಿನವಳು ಬಂದಳು. ನೇರಳೆ ಗೆರೆಯ ಮೇಲೆ ಬೆರಳಿಟ್ಟಳು, ಮುಖ ಬದಲಾಯಿತು. ಮರುಕ್ಷಣವೇ ತನ್ನ ಮೊಣಕೈ ಮುಟ್ಟಿ ನೋಡಿಕೊಂಡಳು. ಆಮೇಲೆ ಬಾವಿಯ ಸುತ್ತ ಇದ್ದವರೆಲ್ಲ ಕೊಡ ಕೆಳಗಿಟ್ಟು ಅವರವರ ಕೈ ಅವರವರು ಹಿಡಿದುಕೊಂಡು ಹುಡುಕಲು ನಿಂತರು. ಹೆಂಗಸರು ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ಆ ಬಾವಿ ಕಂಡಿರಲಾರದು.

ಪಂಡಿತರೂ ಬಂದರು. ಅತ್ತೆ ತೋರಿಸಿದ ಜಾಗದಲ್ಲಿ ಬೆರಳಿಟ್ಟು ಕೂತರು. "ನಮ್ಮಪ್ಪ ಇದ ನಂಗೆ ಏಳ್ಕೊಡ್ನಿಲ್ಲ. ಅವ್ನ್ಗೂ ಗೊತ್ತಿರ್ನಿಲ್ವೇನೋ," ಅಂದರು. ಅಂದಿನಿಂದ ಅವರು ಯಾರದೇ ಆದರೂ ಎರಡೂ ಕೈ ಹಿಡಿಯುತ್ತಿದ್ದರು ಎಂದು ಕೇಳಿದ್ದೇನೆ.

ಎಣ್ಣೆಸ್ನಾನ ಮಾಡಿದಂತೆಲ್ಲ ನೇರಳೆ ಗೆರೆ ಮಾಸುತ್ತ ಬಂತು. ಅತ್ತೆಗೆ ಅದೇ ಚಿಂತೆ. "ಅಳ್ಸೋದ್ರೆ ನಾಳೆ ಇನ್ಯಾವಳಾರ ಬಂದು ಚುಚ್ಬುಟ್ರೆ? ಇದಂತೂ ಬಾಯ್ ಬುಡಾಕಿಲ್ಲ." ಹಚ್ಚೆ ಹಾಕುವವಳನ್ನು ಕರೆಸಿದರು. ಅವಳು ಸೀತೆ ಸೆರಗು, ತೊಟ್ಟಿಲು ಎಂದು ಹಚ್ಚೆಯ ಚಿತ್ರಗಳ ಹೆಸರು ಹೇಳತೊಡಗಿದರೆ ಅತ್ತೆ ಯಾವುದೂ ಬೇಡ ಅಂದರು. ಗೆರೆಯ ಮೇಲೆ ಸೂಜಿ ತಾಗಬಾರದು, ಪಕ್ಕದಲ್ಲಿ ಸಾಲಾಗಿ ಚುಕ್ಕಿ ಇಡು ಅಂದರು. ನಾನು ಹಲ್ಲು ಕಚ್ಚಿ ಕೂತೆ. ಹೆರಿಗೆಗೆ ಆಸ್ಪತ್ರೆಗೆ ಹೋದಾಗಲೆಲ್ಲ ಆ ಚುಕ್ಕಿ ಏನು ಎಂದು ನರ್ಸುಗಳೇ ಕೇಳುತ್ತಿದ್ದರು. ನಾಚಿಕೆಯಲ್ಲಿ ನನಗೆ ಹೇಳಲು ಬಾರದ್ದು ಅವರಾಗಿಯೇ ಕೇಳಿದ ಮೇಲೆ ಸುಲಭವಾಗುತ್ತಿತ್ತು.

ಆ ಜ್ವರದ ಸುಸ್ತು ಸುಧಾರಿಸಿಕೊಳ್ಳಲು ಅದೇ ವರ್ಷ ತವರಿಗೆ ಹೊರಟಾಗ ಅತ್ತೆ ಬಾಗಿಲವರೆಗೂ ಬಂದರು. "ನಾಟಿ ಒತ್ಗೆ ವಾಪಸ್ ಬಂದ್ಬುಡ್ಬೇಕು. ಆಳ್ ಸಿಕ್ತಿಲ್ಲ, ನಿನ್ ಬುಟ್ಟು ನಂಗಾಗಕಿಲ್ಲ," ಎಂದು ಗದರಿದರು. ಆ ಗದರಿಕೆ ಕೇಳಿ ನನಗೆ ಅಳು ಬಂತು.

ನಿಮ್ಮ ತಾತನೂ ನಾನೂ ಮದ್ದೂರಿನಲ್ಲಿ ಮಳವಳ್ಳಿಯ ಬಸ್ಸು ಹತ್ತಿದೆವು. ಪೆಟ್ರೋಲು ಸಿಗದ ಯುದ್ಧದ ಕಾಲ, ಇದ್ದಿಲು ಉರಿಸಿ ಓಡಿಸುವ ಬಸ್ಸು, ಏರು ಬಂದಲ್ಲಿ ನಿಲ್ಲುತ್ತಿತ್ತು. ಡ್ರೈವರು ಸಾಬರು ಇಳಿದು ಹಿಂದಿನ ಒಲೆಗೆ ಗಾಳಿ ತಿರುಗಿಸುವಾಗ ಜನರೆಲ್ಲ ಇಳಿದು ಮರದ ನೆರಳಲ್ಲಿ ನಿಲ್ಲುತ್ತಿದ್ದರು. ಮೂಟೆ ಹೊತ್ತವರು, ಮಗು ಎತ್ತಿಕೊಂಡವರು, ಬೀಡಿ ಸೇದುವವರು. ನಾನು ಒಬ್ಬೊಬ್ಬರ ಕೈಯನ್ನೇ ನೋಡುತ್ತಿದ್ದೆ. ಇಷ್ಟು ಜನರ ಒಳಗೆ ಇಷ್ಟು ದಾರಿ, ಒಂದರ ಹಾಗೆ ಇನ್ನೊಂದಿಲ್ಲ, ಒಂದೂ ಹೊರಗೆ ಕಾಣುವುದಿಲ್ಲ. ತಾಯಿಯ ಹೊಟ್ಟೆಯ ಕತ್ತಲೆಯಲ್ಲಿ ಗದ್ದೆಗೆ ನೀರು ಹಂಚುವವನಂಥ ಯಾವ ನೀರುಗಂಟಿ ನಿಂತು ಈ ತೂಬು ಎತ್ತಿ ಆ ಮಡೆ ಕಟ್ಟಿದನೋ. ಒಬ್ಬರ ಎದೆಗೂ ನೀರು ತಪ್ಪಿಸಿಲ್ಲ. ಅಂದಿನಿಂದ ಇಂದಿನವರೆಗೆ ಜನ ಗುಂಪಾಗಿ ನಿಂತದ್ದನ್ನು ಕಂಡರೆ ನನಗೆ ಅದೇ ನೆನಪು, ಅದೇ ಬೆರಗು.

ಈಗ ಚರ್ಮ ಜೋತು ಚುಕ್ಕಿಗಳು ಒಂದಕ್ಕೊಂದು ಕಲೆತುಹೋಗಿವೆ. ಇಂಥದ್ದು ಮಕ್ಕಳಿಗೆ, ಮೊಮ್ಮಕ್ಕಳಿಗೆ ಬರುತ್ತದಾ ಎಂದು ಈಚೆಗೆ ಒಬ್ಬ ಡಾಕ್ಟರನ್ನು ಧೈರ್ಯ ಮಾಡಿ ಕೇಳಿದೆ. ಬಂದರೂ ಬರಬಹುದು, ಬಾರದೆಯೂ ಇರಬಹುದು ಅಂದರು. ಆಮೇಲೆ ನೀವು ರಜೆಗೆ ಬಂದಾಗ ಕೈಗೆ ಎಣ್ಣೆ ಹಚ್ಚುವ ನೆಪದಲ್ಲಿ ಎಲ್ಲರ ನಾಡಿಯನ್ನೂ ಹುಡುಕಿದೆ. ಪುಟ್ಟಿ, ಗುಂಡ, ನಿಮ್ಮದು ಎರಡು ಕೈಯಲ್ಲೂ ಎಲ್ಲರ ಹಾಗೆ. ಚಿನ್ನು, ನಿನ್ನ ಎಡಗೈಯಲ್ಲಿ ನನ್ನ ಬೆರಳಿಗೆ ಮಣಿಕಟ್ಟಿನಲ್ಲಿ ಏನೂ ಸಿಗಲಿಲ್ಲ. ಹೆಬ್ಬೆರಳ ಹಿಂದೆ ಹೋದೆ. ಅಲ್ಲಿತ್ತು. ನೀನು ಕಚಗುಳಿ ಎಂದು ನಗುತ್ತಿದ್ದೆ, ನಾನು ಕೈ ಬಿಡಲಿಲ್ಲ.

ಹೆದರುವಂಥದ್ದು ಏನೂ ಇಲ್ಲ ಮಗಳೇ. ಆದರೆ ನಿನ್ನ ಎಡಗೈಗೆ ಸೂಜಿ ಹಿಡಿದು ಬಂದವರಿಗೆ ಮೊದಲು ಬೆರಳಿಟ್ಟು ನೋಡಿ ಅನ್ನಬೇಕು. ನನ್ನ ಹಾಗೆ ನಾಚಿಕೆಪಡಬೇಡ. ಹೇಳಲು ಬಾಯಿ ಬರದಿದ್ದರೆ ಈ ಹಾಳೆಗಳನ್ನೇ ಕೊಡು, ಅವರು ಓದಿಕೊಳ್ಳಲಿ. ಪುಟ್ಟಿ, ಗುಂಡ, ನೀವು ದೊಡ್ಡವರು. ಅವಳು ತನ್ನ ಕೈಯನ್ನು ತಾನೇ ನೋಡಿಕೊಳ್ಳುವಷ್ಟು ಬೆಳೆಯುವವರೆಗೆ ಇದನ್ನು ನೀರು, ಗೆದ್ದಲು ತಾಗದ ಕಡೆ ಇಟ್ಟಿರಿ. ಅವಳಿಗೆ ಮಕ್ಕಳಾದರೆ ಅವರ ಕೈಗೂ ಇದು ಸಿಗುವ ಹಾಗೆ ಜೋಪಾನ ಮಾಡಿ.